ಸಹಿ ಹಾಕುವ ಮುನ್ನ



ಮದ್ರಸದಲ್ಲಿ ಹೆಣ್ಣುಮಕ್ಕಳಿಗೆ ಫರಾಯಿಝ್, ಅಂದರೆ ವಾರೀಸು ಹಂಚಿಕೆಯ ಶಾಸ್ತ್ರ ಕಲಿಸುವವಳು ನಾನು. ಯಾರು ತೀರಿಕೊಂಡರೆ ಯಾರಿಗೆಷ್ಟು ಪಾಲು ಎಂದು ಕರಿಹಲಗೆಯ ಮೇಲೆ ನಿಮಿಷದಲ್ಲಿ ಲೆಕ್ಕ ಹಾಕಿ ತೋರಿಸುತ್ತೇನೆ. ಬಿ.ಎ. ಕೂಡ ಮಾಡಿದ್ದೇನೆ. ಆದರೆ ನನ್ನ ವಿದ್ಯೆ ಎಷ್ಟು ಅರೆಬರೆ ಎಂದು ಗೊತ್ತಾದದ್ದು ತಂದೆಯವರು ತೀರಿಕೊಂಡ ಎರಡು ತಿಂಗಳ ಬಳಿಕ, ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಕುಳಿತಾಗ.

"ಖಾತೆ ಬದಲಾವಣೆಗೆ ನಿಮ್ಮದೊಂದು ಸಹಿ ಬೇಕು" ಎಂದಿದ್ದ ಅಣ್ಣ. ಉಮ್ಮ, ಅಕ್ಕ, ನಾನು ಮೂವರೂ ಹೋದೆವು. ಅಣ್ಣ ಕೆಟ್ಟವನಲ್ಲ. ಅಂಗಡಿಗೆ ಬ್ಯಾಂಕ್ ಸಾಲ ಬೇಕಿತ್ತು. ಮನೆ ಒಬ್ಬರ ಹೆಸರಿನಲ್ಲಿದ್ದರೆ ಸುಲಭ ಎಂದು ಯಾರೋ ಹೇಳಿದ್ದರು. ಪತ್ರ ಬರಹಗಾರರು ತೋರಿಸಿದ ಜಾಗದಲ್ಲಿ ಉಮ್ಮ ಹೆಬ್ಬೆಟ್ಟು ಒತ್ತಲು ಕೈ ಚಾಚಿದರು. ಪಾಠ ಮಾಡುವವಳ ಅಭ್ಯಾಸಬಲ, "ಒಮ್ಮೆ ಓದಿ ಹೇಳಿ" ಎಂದೆ. ತಲೆಬರಹವೇ "ಹಕ್ಕು ಬಿಡುಗಡೆ ಪತ್ರ" ಎಂದಿತ್ತು. ಉಮ್ಮ ಮೆಲ್ಲನೆ ಕೇಳಿದರು: "ಹಾಗಾದರೆ ನಾಳೆಯಿಂದ ಆ ಮನೆ ನನ್ನದಲ್ಲವೇ?"

ನಾವು ಸಹಿ ಹಾಕದೆ ಎದ್ದು ಬಂದೆವು. ಪರಿಚಿತ ವಕೀಲರೊಬ್ಬರಿಂದ ಅಂದು ಸಂಜೆ ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ಮೊದಲನೆಯದು, ಖಾತೆಯೇ ಮಾಲಿಕತ್ವವಲ್ಲ. ತೆರಿಗೆ ಯಾರು ಕಟ್ಟಬೇಕು ಎಂದು ತಿಳಿಯಲು ಸ್ಥಳೀಯ ಸಂಸ್ಥೆ ಇಡುವ ದಾಖಲೆ ಅದು. ಖಾತೆ ಅಣ್ಣನ ಹೆಸರಿಗಾದ ಮಾತ್ರಕ್ಕೆ ತಂಗಿಯ ಪಾಲು ಅಳಿಯುವುದಿಲ್ಲ.

ಎರಡನೆಯದು, ಹಕ್ಕು ಬೇರೆ, ಸ್ವಾಧೀನ ಬೇರೆ. ತಂದೆ ಕಣ್ಮುಚ್ಚಿದ ಕ್ಷಣದಲ್ಲೇ ವಾರೀಸುದಾರರಿಗೆ ಹಕ್ಕು ಬರುತ್ತದೆ. ಅಂತ್ಯಸಂಸ್ಕಾರದ ಖರ್ಚು, ಸಾಲ, ವಸಿಯ್ಯತ್ ಕಳೆದು ಉಳಿದದ್ದು ಹಂಚಿಕೆಗೆ. ಸೂರಃ ಅನ್ನಿಸಾದ 11 ಮತ್ತು 12ನೇ ಸೂಕ್ತಗಳಂತೆ ನಮ್ಮ ಮನೆಯನ್ನು 32 ಭಾಗ ಮಾಡಿದರೆ ಉಮ್ಮನಿಗೆ 4, ಅಣ್ಣನಿಗೆ 14, ಅಕ್ಕನಿಗೂ ನನಗೂ ತಲಾ 7. ಮದುವೆಯಾಗಿ ದೂರದ ಊರಿನಲ್ಲಿರುವ ಅಕ್ಕ ಆ ಮನೆಯಲ್ಲಿ ವಾಸವಿಲ್ಲದಿದ್ದರೂ ಸಹಮಾಲೀಕಳೇ.

ಮೂರನೆಯದು ಹಿಬಾ. "ಮನೆ ಮಗನಿಗೇ ಎಂದು ಅವರು ಹೇಳುತ್ತಿದ್ದರಲ್ಲ" ಎಂದರು ಬಂಧುಗಳು. ಹಿಬಾ ಬಾಯಿಮಾತಿನಲ್ಲೂ ಆಗಬಹುದು, ನೋಂದಣಿಯೂ ಕಡ್ಡಾಯವಲ್ಲ. ಸುಪ್ರೀಂ ಕೋರ್ಟ್ 2011ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಆದರೆ ಕೊಟ್ಟೆನೆಂಬ ಘೋಷಣೆ, ಪಡೆದವರ ಸ್ವೀಕಾರ, ಸ್ವಾಧೀನದ ಹಸ್ತಾಂತರ, ಈ ಮೂರೂ ಇರಲೇಬೇಕು. ತಂದೆಯವರೋ, ಮುಂದಿನ ಕೋಣೆಯ ಬಾಡಿಗೆಯನ್ನು ಕೊನೆಯವರೆಗೂ ತಾವೇ ಪಡೆಯುತ್ತಿದ್ದರು. ಅವರ ಮಾತು ಆಸೆಯಾಗಿತ್ತು, ಹಿಬಾ ಆಗಿರಲಿಲ್ಲ.

ನಾಲ್ಕನೆಯದು ನಾವು ಸಹಿ ಹಾಕಲಿದ್ದ ಪತ್ರ. 1908ರ ನೋಂದಣಿ ಕಾಯ್ದೆಯಂತೆ ನೂರು ರೂಪಾಯಿ ಅಥವಾ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರ ನೋಂದಣಿಯಾಗಲೇಬೇಕು. ಒಮ್ಮೆ ನೋಂದಣಿಯಾದರೆ "ನನಗೆ ಗೊತ್ತಿರಲಿಲ್ಲ" ಎಂದ ಮಾತ್ರಕ್ಕೆ ಅದು ರದ್ದಾಗದು. ಮೋಸವಾಗಿದೆ ಎಂದು ತಿಳಿದ ಮೂರು ವರ್ಷಗಳೊಳಗೆ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಸಾಬೀತುಪಡಿಸಬೇಕು. ಒಡಹುಟ್ಟಿದವನ ವಿರುದ್ಧ ಕಟಕಟೆ ಹತ್ತಲು ನಮ್ಮಲ್ಲಿ ಎಷ್ಟು ಮಂದಿಗೆ ಮನಸ್ಸು ಬಂದೀತು?

ಅಣ್ಣ ಎರಡು ತಿಂಗಳು ನಮ್ಮೊಡನೆ ಮಾತು ಬಿಟ್ಟ. ಆ ಈದ್‌ಗೆ ತವರಿನಲ್ಲಿ ನಗುವೇ ಇರಲಿಲ್ಲ. ತಪ್ಪು ಮಾಡಿದೆನೋ ಎಂದು ರಾತ್ರಿಯೆಲ್ಲ ಅತ್ತಿದ್ದೇನೆ. ಕೊನೆಗೆ ಉಮ್ಮನೇ ಎಲ್ಲರನ್ನೂ ಕೂರಿಸಿ ಮಾತಾಡಿಸಿದರು. ಖಾತೆ ನಾಲ್ವರ ಹೆಸರಿಗೂ ಆಯಿತು. ಬ್ಯಾಂಕಿನ ಅಡಮಾನ ಪತ್ರಕ್ಕೆ ನಾಲ್ವರೂ ಸಹಿ ಹಾಕಿದೆವು. ಸಾಲ ತೀರದಿದ್ದರೆ ನಮ್ಮ ಪಾಲಿಗೂ ಕುತ್ತು ಎಂಬುದನ್ನು ತಿಳಿದೇ ಹಾಕಿದೆವು. ಉಮ್ಮ ಈಗಲೂ ತಮ್ಮ ಮನೆಯಲ್ಲೇ ಇದ್ದಾರೆ.

ಸಹೋದರಿಯರೇ, ಸಹೋದರನಿಗೆ ನಿಮ್ಮ ಪಾಲನ್ನು ಸಂತೋಷದಿಂದ ಕೊಡಬೇಕೆನಿಸಿದರೆ ಧಾರಾಳವಾಗಿ ಕೊಡಿ. ಆದರೆ ಏನನ್ನು, ಎಷ್ಟನ್ನು ಕೊಡುತ್ತಿದ್ದೇನೆಂದು ತಿಳಿದು ಕೊಟ್ಟರೆ ಮಾತ್ರ ಅದು ಕೊಡುಗೆ. ತಿಳಿಯದೆ ಹಾಕಿದ ಸಹಿ ಕೊಟ್ಟವಳಿಗೂ ನೆಮ್ಮದಿ ತರದು, ಪಡೆದವನಿಗೂ ಬರಕತ್ ತರದು. ನಾಳೆ ನಿಮ್ಮ ಮುಂದೆಯೂ ಇಂತಹ ಕಾಗದ ಬರಬಹುದು. ನಾಚಿಕೊಳ್ಳದೆ ಹೇಳಿ: "ಒಮ್ಮೆ ಓದಿ ಹೇಳಿ."