ಮರಿಗಳಿಗೆ ನಾಲ್ಕು ತಿಂಗಳು ತುಂಬಿದಾಗ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಬೆಕ್ಕಿನ ಮರಿಗಳ ವಿಷಯ ಬರೆಯುತ್ತೇನೆಂದೆ. ಅವರು ನಕ್ಕರು. ಗುರುವರ್ಯರ ಸ್ಮರಣೆ, ಗಡಿನಾಡಿನಲ್ಲಿ ಕನ್ನಡದ ಸ್ಥಿತಿಗತಿ, 1956ರಲ್ಲಿ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ತಾಲ್ಲೂಕು ಆಂಧ್ರಪ್ರದೇಶಕ್ಕೆ ಸೇರಿದ ಕಥೆ - ಇವನ್ನೆಲ್ಲ ನನಗಿಂತ ಸಮರ್ಥರಾದವರು ಬರೆಯುತ್ತಾರೆ. ನಾನು ಬರೆಯುವ ವಿಷಯಕ್ಕೂ ಶಾಲೆಗೂ ಸಂಬಂಧವಿದೆ ಎಂಬುದನ್ನು ಓದುಗರು ಕೊನೆಯಲ್ಲಿ ಒಪ್ಪಿಕೊಂಡಾರು.

ನಮ್ಮದು ನಾರಾಯಣಪೇಟೆಯ ನೇಕಾರರ ಮನೆ. ನೇಕಾರನ ಮನೆಯಲ್ಲಿ ಬೆಕ್ಕು ಶೋಕಿಗಾಗಿ ಇರುವುದಿಲ್ಲ. ಹಾಸಿನ ನೂಲಿಗೆ ಗಂಜಿ ಹಾಕಿ ಒಣಗಿಸುತ್ತಾರೆ. ಆ ಗಂಜಿಯ ವಾಸನೆಗೆ ಇಲಿ ಬರುತ್ತದೆ. ಒಂದು ರಾತ್ರಿಯಲ್ಲಿ ಒಂದು ಸೀರೆಯ ಹಾಸು ಹಾಳಾದರೆ ಆ ವಾರದ ಕೂಲಿ ಹೋದಂತೆಯೇ. ಆದುದರಿಂದ ತಂದೆಯವರಿಗೆ ಬೆಕ್ಕೆಂದರೆ ಮನೆಯ ಒಬ್ಬ ಆಳಿನಷ್ಟೇ ಗೌರವ. ಕುಣಿಮಗ್ಗದ ಕುಣಿಯೊಳಗೆ ಬೆಕ್ಕು ಮರಿ ಹಾಕಿದಾಗ ಅವರು ಆ ಮಗ್ಗವನ್ನು ಎಂಟು ದಿನ ನಿಲ್ಲಿಸಿದ್ದುಂಟು. ಮರಿಗಳು ಕಣ್ಣು ಬಿಟ್ಟ ಮೇಲೆಯೇ ಅವನ್ನು ಬುಟ್ಟಿಗೆ ಎತ್ತಿಟ್ಟು ಕಾಲಿಳಿಬಿಟ್ಟು ಕುಳಿತರು.

ಅದೇ ಬೆಕ್ಕಿನ ಮೇಲೆಯೇ ನಮ್ಮ ಶಾಲೆಯ ವಿಜ್ಞಾನದ ಗುರುಗಳು ನನಗೊಂದು ಪಾಠ ಹೇಳಿಕೊಟ್ಟರು. ಅದು ಗಂಡಿನ ಸಂಗ ಮಾಡಿದ ದಿನವನ್ನು ಅವ್ವನಿಂದ ತಿಳಿದು, ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ದಿನ ಎಣಿಸುತ್ತ ಬರಬೇಕೆಂದರು. ಅರವತ್ತನಾಲ್ಕನೆಯ ದಿನ ಮರಿಗಳಾದವು. ತರಗತಿಯಲ್ಲಿ ಎದ್ದು ನಿಂತು ಆ ಸಂಖ್ಯೆಯನ್ನು ಹೇಳಿದಾಗ ಆದ ಹೆಮ್ಮೆ ಮುಂದೆ ಯಾವ ಪರೀಕ್ಷೆಯಲ್ಲಿಯೂ ಆಗಲಿಲ್ಲ.

ಎರಡು ತಿಂಗಳಾದ ಮೇಲಿನ ಕೆಲಸವೂ ನನ್ನ ಪಾಲಿಗೇ ಬಂದಿತು. ಅದನ್ನು ತರಗತಿಯಲ್ಲಿ ಹೇಳಲಿಲ್ಲ. ಮರಿಗಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು, ಮಕ್ತಲ್ಲಿಗೆ ಹೋಗುವ ಎತ್ತಿನ ಬಂಡಿಯಲ್ಲಿ ಕುಳಿತು, ದಾರಿಯಲ್ಲೊಂದು ಶೇಂಗಾ ಮಿಲ್ಲಿನ ಹಿಂದೆ ಬಿಟ್ಟು ಬಂದೆ. ಬೆಕ್ಕನ್ನು ಕೊಂದರೆ ಬಂಗಾರದ ಬೆಕ್ಕನ್ನು ದಾನ ಕೊಟ್ಟರೂ ಪಾಪ ಹೋಗದೆಂದು ನಮ್ಮ ಕಡೆ ನಂಬಿಕೆ. ಹಾಗಾಗಿ ನಾವು ಯಾರೂ ಕೊಲ್ಲುವುದಿಲ್ಲ, ಬಿಟ್ಟು ಬರುತ್ತೇವೆ. ನಾಯಿ, ಹದ್ದು, ಬಿಸಿಲು - ಮಿಕ್ಕದ್ದನ್ನು ಅವು ನೋಡಿಕೊಳ್ಳುತ್ತವೆ. ಅಂತಹ ಪ್ರಯಾಣಗಳನ್ನು ನಾನು ಆರು ಬಾರಿಯಾದರೂ ಮಾಡಿದ್ದೇನೆ. ಹೋರಿಗೆ ಬೀಜ ಒಡೆಸಲು ಯಾವ ರೈತನೂ ಹಿಂದುಮುಂದು ನೋಡುವುದಿಲ್ಲ. ಬೆಕ್ಕಿಗೂ ಅಂಥದೊಂದು ಉಪಾಯವುಂಟೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಹೈದರಾಬಾದಿನ ನೌಕರಿಯಿಂದ ನಿವೃತ್ತನಾಗಿ ಊರಿಗೆ ಮರಳಿದ ಮೇಲೆ ಮತ್ತೆ ಬೆಕ್ಕು ಬಂದಿತು. ಮೊದಲನೆಯದು ಒಂದು ಕರಿಯ ಹೆಣ್ಣುಮರಿ. ಈ ಸಲ ಗೋಣಿಚೀಲದ ಮಾತೇ ಬೇಡ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವೆನೆಂದು ನಿಶ್ಚಯಿಸಿದ್ದೆ. ಆರು ತಿಂಗಳು ತುಂಬಲಿ ಎಂದು ಯಾರೋ ಹೇಳಿದ್ದನ್ನು ನಂಬಿದೆ. ಅವ್ವನಿಗೆ ಅದೂ ಒಪ್ಪಿಗೆಯಿಲ್ಲ. "ಹೆಣ್ಣು ಜೀವ ಐತಿ ತಮ್ಮಾ. ಒಂದು ಸೂಲಾದರೂ ಆಗಲಿ. ಚೊಚ್ಚಲು ಕಾಣದ ಹೊಟ್ಟೆ ಕೊಯ್ಯಿಸಿದರ ಅದರ ಶಾಪ ತಟ್ಟತೈತಿ" ಎಂದಳು. ಏಳು ಮಕ್ಕಳನ್ನು ಹೆತ್ತು ಮೂವರನ್ನು ಕಳೆದುಕೊಂಡವಳ ಮಾತಿಗೆ ಎದುರಾಡುವುದು ಹೇಗೆ? ಸುಮ್ಮನಾದೆ.

ಐದನೆಯ ತಿಂಗಳಲ್ಲಿ ಅದು ಒಂದು ರಾತ್ರಿಯಿಡೀ ನೆಲದ ಮೇಲೆ ಹೊರಳಿ ಕೂಗಿತು. ಹೊಟ್ಟೆನೋವೆಂದು ತಿಳಿದು ಓಮಿನ ನೀರು ಕುಡಿಸಿದೆ! ಬೆದೆಗೆ ಬಂದಿದೆಯೆಂದು ತಿಳಿಯುವಷ್ಟರಲ್ಲಿ ಮಾಳಿಗೆ ಹತ್ತಿ ಹೋಗಿತ್ತು. ಇನ್ನೂ ತಾನೇ ಬೆಳೆಯುತ್ತಿದ್ದ ಮೈ. ಹೆರಿಗೆಯಲ್ಲಿ ಮೊದಲ ಮರಿಯೇ ಅಡ್ಡ ಸಿಕ್ಕಿಕೊಂಡಿತು. ಬೆಳಗಾಗುವ ಮುಂಚೆ ಕುಣಿಯಲ್ಲಿ ಸತ್ತಿತು. ಅವ್ವ ದೀಪ ಹಿಡಿದು ಕುಳಿತಿದ್ದಳು. ಆ ದಿನ ಅವಳೂ ನಾನೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ.

ಮುಂದಿನ ವರ್ಷ ಮತ್ತೊಂದು ಬೆಕ್ಕು ತಾನಾಗಿಯೇ ಬಂದು, ಅದೇ ಕುಣಿಯಲ್ಲಿ ಮೂರು ಮರಿ ಹಾಕಿತು: ಎರಡು ಹೆಣ್ಣು, ಒಂದು ಗಂಡು. ಊರಿನ ಪಶುವೈದ್ಯರು ದನ, ಕುರಿಗಳ ಕೆಲಸದಲ್ಲಿ ನುರಿತವರು; ಬೆಕ್ಕಿನಂತಹ ಸಣ್ಣ ಜೀವಕ್ಕೆ ಅರಿವಳಿಕೆ ಕೊಡುವವರನ್ನು ರಾಯಚೂರಿನಲ್ಲಿ ಕಾಣಿರೆಂದು ಅವರೇ ಸಲಹೆಯಿತ್ತರು. ಅಲ್ಲಿಯ ಡಾಕ್ಟರ್ ಸಾಹೇಬರ ಮುಂದೆ ಕರಿಯ ಬೆಕ್ಕಿನ ಕಥೆಯನ್ನು ಮುಚ್ಚಿಡದೆ ಹೇಳಿದೆ.

ಅವರು ವಿವರಿಸಿದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಆರು ತಿಂಗಳೆಂಬುದು ಹಳೆಯ ರೂಢಿ. ಹೆಣ್ಣುಮರಿ ನಾಲ್ಕನೆಯ ತಿಂಗಳಿನಲ್ಲಿಯೇ ಬೆದೆಗೆ ಬರಬಹುದು. ನಮ್ಮಂತಹ ಬಿಸಿಲು ಸೀಮೆಯಲ್ಲಿ ಅದಕ್ಕೆ ಹೆಚ್ಚುಕಡಿಮೆ ವರ್ಷವಿಡೀ ಕಾಲವೇ. ಬೆಕ್ಕಿನಲ್ಲಿ ಗಂಡಿನ ಸಂಗವಾದ ಮೇಲೆಯೇ ಅಂಡ ಬಿಡುಗಡೆಯಾಗುವುದರಿಂದ ಗರ್ಭ ನಿಲ್ಲುವುದು ಬಹುಮಟ್ಟಿಗೆ ಖಚಿತ. ಮರಿಗಳಿಗೆ ಕೊಡುವ ಲಸಿಕೆಗಳು ಹದಿನಾರನೆಯ ವಾರಕ್ಕೆ ಮುಗಿಯುತ್ತವೆ. ಹಾಗಾದರೆ ಲಸಿಕೆ ಮುಗಿದಾಗಿನಿಂದ ಐದನೆಯ ತಿಂಗಳು ತುಂಬುವವರೆಗಿನ ನಾಲ್ಕಾರು ವಾರಗಳೇ ತಕ್ಕ ಕಾಲ. ಅಮೆರಿಕದ ಪಶುವೈದ್ಯರ ಸಂಘವೂ 2017ರಲ್ಲಿ ಐದು ತಿಂಗಳೊಳಗೆ ಎಂಬುದನ್ನೇ ಅನುಮೋದಿಸಿತು. ಒಂದು ಸೂಲಾದರೆ ಆರೋಗ್ಯಕ್ಕೆ ಒಳ್ಳೆಯದೆಂಬುದು ಸುಳ್ಳು. ಆರು ತಿಂಗಳೊಳಗೆ ಶಸ್ತ್ರಚಿಕಿತ್ಸೆಯಾದ ಬೆಕ್ಕುಗಳಲ್ಲಿ ಮೊಲೆಯ ಕ್ಯಾನ್ಸರಿನ ಅಪಾಯ ಶೇಕಡಾ 91ರಷ್ಟು ಕಡಿಮೆಯೆಂದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಗಂಡುಮರಿಯ ಮೂತ್ರನಾಳ ಕಿರಿದಾಗಿ ಉಳಿಯುತ್ತದೆಂಬ ಭಯವೂ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

"ಆದರೆ ಮೊದಲು ತಾಯಿಯನ್ನು ತನ್ನಿ" ಎಂದರವರು. "ಹಾಲೂಡುತ್ತಿರುವಾಗಲೇ ಅದು ಮತ್ತೆ ಗಬ್ಬವಾದೀತು." ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಮರಿಗಳು ಹಾಲು ಬಿಟ್ಟೊಡನೆ ತಾಯಿಯ ಕೆಲಸ ಮುಗಿಯಿತು.

ನಾಲ್ಕು ತಿಂಗಳು ತುಂಬಿದ ದಿನ, ತಂದೆಯವರು ನೂಲಿನ ಲಡಿ ತೂಗುತ್ತಿದ್ದ ತಕ್ಕಡಿಯಲ್ಲಿ ಮರಿಗಳನ್ನು ತೂಗಿದೆ. ಗಂಡು ಒಂದೂಮುಕ್ಕಾಲು ಕಿಲೋ, ದೊಡ್ಡ ಹೆಣ್ಣು ಒಂದೂವರೆ. ಸಣ್ಣದು, ಬೂದಿಬಣ್ಣದ್ದು, ಒಂಬೈನೂರು ಗ್ರಾಂ. ಒಂದು ಕಿಲೋ ಆದರೂ ಇರಬೇಕೆಂದು ಡಾಕ್ಟರರು ಹೇಳಿದ್ದರು. ಕಾದರೆ ಬೆದೆಯ ಭಯ, ಒಯ್ದರೆ ಅರಿವಳಿಕೆಯ ಭಯ. ಅವ್ವ ತಕ್ಕಡಿಯ ಮುಳ್ಳನ್ನೇ ನೋಡುತ್ತಿದ್ದಳು. "ಇದು ತಡೀಲಿ. ಅವೆರಡನ್ನೂ ಎಂದು ಒಯ್ಯತಿ?" ಎಂದು ಅವಳೇ ಕೇಳಿದಳು. ಕರಿಯ ಬೆಕ್ಕಿನ ಮಾತನ್ನು ಆಗಲೂ ಎತ್ತಲಿಲ್ಲ.

ಹಿಂದಿನ ರಾತ್ರಿಯಿಂದ ಉಪವಾಸ ಕೆಡವಬೇಕೆಂಬುದು ದೊಡ್ಡವರಿಗೆ ಸರಿ. ಮರಿಗಳನ್ನು ಹಾಗೆ ಹಸಿವಿಗೆ ಬಿಟ್ಟರೆ ರಕ್ತದ ಸಕ್ಕರೆ ಇಳಿದು ಅಪಾಯ. ಆದ್ದರಿಂದ ಅಂದು ನಸುಕಿನಲ್ಲಿಯೇ ಒಂದು ತುತ್ತು ತಿನ್ನಿಸಿ, ಬುಟ್ಟಿಯಲ್ಲಿಟ್ಟು ಹೊರಟೆವು. ಮಕ್ತಲ್ ದಾಟುವಾಗ ಶೇಂಗಾ ಮಿಲ್ಲಿದ್ದ ಜಾಗ ಯಾವುದೆಂದು ಹುಡುಕಿದೆ, ಗುರುತು ಸಿಗಲಿಲ್ಲ. ಕೃಷ್ಣೆಯ ಸೇತುವೆಯ ಮೇಲೆ, ಶಕ್ತಿನಗರದ ಹೊಗೆಗೊಳವೆಗಳು ಕಾಣಿಸಿಕೊಂಡಾಗ, ಗಂಡುಮರಿ ಒಂದೇ ಸಮನೆ ಕೂಗತೊಡಗಿತು. ಅದರ ಕೆಲಸಕ್ಕೆ ಹಿಡಿದದ್ದು ಕೆಲವೇ ನಿಮಿಷ. ಹೆಣ್ಣಿನದು ಹೊಟ್ಟೆ ತೆರೆಯುವ ಚಿಕಿತ್ಸೆಯಾದ್ದರಿಂದ ಹೆಚ್ಚು ಹೊತ್ತು. ಹೊರಗಿನ ಬಾಕಿನ ಮೇಲೆ ಕುಳಿತು ನಾನು ಪಟ್ಟ ಪಾಡನ್ನು ಬರೆದರೆ ಸಂಪಾದಕರು ಮತ್ತೊಮ್ಮೆ ನಗುತ್ತಾರೆ. ಸಂಜೆಗೆ ಎರಡೂ ತೂರಾಡುತ್ತ ನಡೆದಾಡಿದವು. ಮರುದಿನ ಲಾಳಿಯ ಹಿಂದೆ ಓಡಿದವು.

ಸಣ್ಣದಕ್ಕೆ ಹುಳುವಿನ ಔಷಧ ಕೊಟ್ಟೆವು. ನೂಲಿನ ಕೋಣೆಯ ಕಿಟಕಿಗೆ ಜಾಳಿಗೆ ಬಡಿದು ಮೂರು ವಾರ ಒಳಗೇ ಇರಿಸಿದೆವು. ಅವ್ವ ದಿನವೂ ಮುದ್ದೆಗೆ ಮೊಟ್ಟೆ ಕಲಸಿ ತಿನ್ನಿಸಿ, ಸಂಜೆ ತಕ್ಕಡಿಗೆ ಹಾಕುತ್ತಿದ್ದಳು. ಕ್ಯಾಲೆಂಡರಿನಲ್ಲಿ ಗ್ರಾಂ ಲೆಕ್ಕ ಬರೆಯುವ ಕೆಲಸ ನನ್ನದು. ಒಂದು ಕಿಲೋ ಇನ್ನೂರು ಆದ ದಿನ ಮತ್ತೆ ಕೃಷ್ಣೆಯನ್ನು ದಾಟಿದೆ. ಅದು ಇನ್ನು ಮುಂದೆ ಹೊರಗೆ ಬಾಳಲಿರುವ ಬೆಕ್ಕೆಂದು ತಿಳಿಸಿದ್ದರಿಂದ, ಮತ್ತೊಮ್ಮೆ ಯಾರೂ ಹಿಡಿದು ಕೊಯ್ಯದಿರಲೆಂದು, ಅರಿವಳಿಕೆಯಲ್ಲಿರುವಾಗಲೇ ಎಡಗಿವಿಯ ತುದಿಯನ್ನು ಕತ್ತರಿಸಿ ಗುರುತು ಮಾಡಿಕೊಟ್ಟರು.

ಮಧ್ಯಾಹ್ನದ ಊಟದ ಅಕ್ಕಿಗೆ ಇಲಿಗಳ ಕಾಟವೆಂದು ಮುಖ್ಯೋಪಾಧ್ಯಾಯರು ಹೇಳಿದ್ದರು. ಹೊಲಿಗೆ ಮಾಯ್ದ ಮೇಲೆ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ನಾನೇ ನಡೆದುಹೋಗಿ ಶಾಲೆಗೆ ಕೊಟ್ಟು ಬಂದೆ. ಮಹೋತ್ಸವಕ್ಕೆ ಬರುವ ಹಳೆಯ ವಿದ್ಯಾರ್ಥಿಗಳು ಅಕ್ಕಿ ಕೋಣೆಯ ಕಡೆ ಹಾಯ್ದರೆ ಅದನ್ನು ಕಾಣಬಹುದು: ಬೂದಿಬಣ್ಣ, ಎಡಗಿವಿ ಮೊಂಡು. ದಯವಿಟ್ಟು ಹಾಲು ಹಾಕಬೇಡಿರಿ, ಅದಕ್ಕೆ ಹೊಟ್ಟೆ ಕೆಡುತ್ತದೆ. ಈಗಾಗಲೇ ಮಕ್ಕಳು ದಿನವೂ ಮೊಟ್ಟೆಯ ಚೂರು ಹಾಕಿ ಅದನ್ನು ಮೂರೂವರೆ ಕಿಲೋ ಮಾಡಿದ್ದಾರೆ, ತೂಗಿದ್ದು ಅವ್ವ.