ನೇತ್ರಾಣಿಯ ನೀರಿಗೆ ಯಾವ ಕಣ್ಣು?

ಹೊಸಕೋಟೆ ತಾಲ್ಲೂಕಿನ ನಂದಗುಡಿಯ ಕಡೆ ಜೋರು ಮಳೆ ಬಿದ್ದ ಮರುದಿನ ಕೆರೆಯ ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಮೊಣಕಾಲುದ್ದ ನೀರಿಗೆ ಇಳಿದರೆ ಪಾದ ಕಾಣದು. ಅಂಥ ಬಯಲುಸೀಮೆಯಿಂದ ನೀರೊಳಗಿನ ಚಿತ್ರ ತೆಗೆಯಬೇಕೆಂದು ಹೊರಟವರು ಸುಮಾರು 500 ಕಿ.ಮೀ. ದಾಟಿ ಮುರುಡೇಶ್ವರ ಸೇರಬೇಕು. ಆದರೆ ಸಿದ್ಧತೆಯನ್ನು ಮನೆಯಲ್ಲೇ, ಒಂದು ಚೊಂಬು ನೀರಿನಿಂದ ಆರಂಭಿಸಬಹುದು. ತಳದಲ್ಲೊಂದು ನಾಣ್ಯ ಹಾಕಿ ನೀರು ತುಂಬಿದರೆ ನಾಣ್ಯ ಮೇಲೆದ್ದು ಬಂದಂತೆ ಕಾಣುತ್ತದೆ. ನೀರೊಳಗಿನ ಛಾಯಾಗ್ರಹಣದ ತಾಪತ್ರಯವೆಲ್ಲ ಆ ನಾಣ್ಯದಲ್ಲೇ ಇದೆ.

ಮುರುಡೇಶ್ವರದಿಂದ ದೋಣಿ ಹೊರಟರೆ 123 ಅಡಿಯ ಶಿವ ಹಿಂದೆ ಹಿಂದೆ ಸರಿಯುತ್ತ ಬೆರಳುದ್ದಕ್ಕೆ ಇಳಿಯುತ್ತಾನೆ. ಸುಮಾರು 19 ಕಿ.ಮೀ. ದೂರದಲ್ಲಿ ನೇತ್ರಾಣಿ ದ್ವೀಪ. ಮೇಲೆ ಕಾಡು, ಆಡು, ಪಾರಿವಾಳ. ಕೆಳಗೆ ಬಂಡೆ, ಹವಳ, ಗಿಳಿಮೀನು, ಚಿಟ್ಟೆಮೀನು. ಪುನೀತ್ ರಾಜ್‌ಕುಮಾರ್ ಇಲ್ಲಿ ಕಡಲಿಗಿಳಿದದ್ದನ್ನು 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಅನೇಕರು ನೋಡಿದ್ದಾರೆ. ಮಳೆಗಾಲದಲ್ಲಿ ಈ ಕಡಲಿಗೆ ಇಳಿಯುವಂತಿಲ್ಲ.

ಕ್ಯಾಮೆರಾವನ್ನು ನೀರು ನುಗ್ಗದ ಪೆಟ್ಟಿಗೆಯಲ್ಲಿಟ್ಟು ಬಿಗಿಯಬೇಕು. ಲೆನ್ಸಿನ ಮುಂದಿರುವ ಗಾಜಿನ ಕಿಟಕಿಯೇ ಪೋರ್ಟ್. ನೀರಿಗಿಳಿದ ಮೇಲೆ ಲೆನ್ಸನ್ನಾಗಲಿ ಪೋರ್ಟನ್ನಾಗಲಿ ಬದಲಿಸುವಂತಿಲ್ಲ. ಕಾಣಬೇಕಾದ್ದು ಕಡಲೋ ಕಡಲಿನ ಹುಳುವೋ ಎಂಬುದನ್ನು ಹಿಂದಿನ ರಾತ್ರಿ ಲಾಡ್ಜಿನ ಮಂಚದ ಮೇಲೆ ಕೂತೇ ತೀರ್ಮಾನಿಸಬೇಕು. ಈ ಕಡಲಲ್ಲಿ ಅಪರೂಪಕ್ಕೆ ತಿಮಿಂಗಿಲ ಶಾರ್ಕ್ ಹಾದುಹೋಗುವುದುಂಟು. 100 ಮಿ.ಮೀ. ಮ್ಯಾಕ್ರೊ ಹಾಕಿಕೊಂಡು ಇಳಿದವರಿಗೆ ಆ ದಿನ ದಕ್ಕುವುದು ಅದರ ಮೈಮೇಲಿನ ನಾಲ್ಕು ಚುಕ್ಕೆ ಮಾತ್ರ!

ಚಪ್ಪಟೆ ಗಾಜಿನ ಪೋರ್ಟಿನ ಹಿಂದೆ ಚೊಂಬಿನ ನಾಣ್ಯದ ಕಥೆಯೇ ನಡೆಯುತ್ತದೆ. ವಸ್ತು ಇರುವ ದೂರದ ಮುಕ್ಕಾಲು ಪಾಲಿನಷ್ಟೇ ದೂರದಲ್ಲಿ ಇದ್ದಂತೆ, ಮೂರನೇ ಒಂದು ಪಾಲು ಹಿಗ್ಗಿದಂತೆ ಕಾಣುತ್ತದೆ. ದಡದಲ್ಲಿ 90 ಡಿಗ್ರಿ ನೋಡುವ ಲೆನ್ಸು ನೀರಲ್ಲಿ 64 ಡಿಗ್ರಿಗೆ ಕುಗ್ಗುತ್ತದೆ. ಬಂಡೆಯ ಸಂದಿಯಲ್ಲಿ ತೆವಳುವ ಚಿಪ್ಪಿಲ್ಲದ ಬಸವನಹುಳುವಿಗೆ ಇದು ವರವೇ. ವಿಶಾಲ ದೃಶ್ಯಕ್ಕೆ ಮಾತ್ರ ಶಾಪ.

ವಿಶಾಲ ದೃಶ್ಯಕ್ಕೆ ಬೇಕಾದ್ದು ಗುಮ್ಮಟದಂತೆ ಉಬ್ಬಿದ ಡೋಮ್ ಪೋರ್ಟ್. ಲೆನ್ಸಿನೊಳಗೆ ಬೆಳಕು ಹೊಗುವ ಬಿಂದು ಗುಮ್ಮಟದ ಕೇಂದ್ರಕ್ಕೆ ಸರಿಯಾಗಿ ಕೂತರೆ ಕಿರಣಗಳು ಬಾಗದೆ ನೇರ ಬರುತ್ತವೆ, ನೋಟ ಕುಗ್ಗುವುದಿಲ್ಲ. ಗುಮ್ಮಟಕ್ಕೂ ತನ್ನದೇ ಕಣ್ಕಟ್ಟು ಇದೆ. ಎಂಟು ಅಂಗುಲ ಅಗಲದ ಅರ್ಧಗೋಳವಾದರೆ ಎಷ್ಟೋ ದೂರದ ಬಂಡೆಯ ಬಿಂಬವೂ ಅದರ ಮುಂದೆ ಸುಮಾರು ಒಂದು ಅಡಿಯಲ್ಲೇ ನಿಲ್ಲುತ್ತದೆ. ನಾಲ್ಕು ಅಂಗುಲದ್ದಾದರೆ ಅರ್ಧ ಅಡಿ. ಅಷ್ಟು ಹತ್ತಿರ ಫೋಕಸ್ ಆಗದ ಲೆನ್ಸು ಎಷ್ಟು ಬೆಲೆಬಾಳಿದರೂ ಅಲ್ಲಿ ಕುರುಡೇ. ಫಿಶ್-ಐ ಲೆನ್ಸುಗಳು ಹತ್ತಿರದ ನೋಟದಲ್ಲಿ ಗಟ್ಟಿಗರಾದ್ದರಿಂದ ಸಣ್ಣ ಗುಮ್ಮಟದೊಂದಿಗೂ ಹೊಂದಿಕೊಳ್ಳುತ್ತವೆ. ಮೂಲೆಗಳು ಮಸುಕಾಗದಿರಲು ದ್ಯುತಿರಂಧ್ರವನ್ನು ಎಫ್ 8ಕ್ಕೋ 11ಕ್ಕೋ ಕಿರಿದಾಗಿಸಬೇಕು. ಅರ್ಧ ಆಕಾಶ, ಅರ್ಧ ಕಡಲು ಒಂದೇ ಚಿತ್ರದಲ್ಲಿ ಬೇಕೆನ್ನುವವರಿಗೆ ಮಾತ್ರ ದೊಡ್ಡ ಗುಮ್ಮಟವೇ ಅನುಕೂಲ. ನೀರಿನ ಅಂಚು ಅದರ ಮೇಲೆ ತೆಳುವಾಗಿ ನಿಲ್ಲುತ್ತದೆ.

ಕಡಲಿನಲ್ಲಿ ತೇಲುವ ಸೂಕ್ಷ್ಮ ಕಣಗಳು ಫ್ಲಾಷ್ ಬೆಳಕಿಗೆ ಹಿಮದಂತೆ ಮಿನುಗಿ ಚಿತ್ರ ಕೆಡಿಸುತ್ತವೆ. ಆಳಕ್ಕಿಳಿದಂತೆ ಕೆಂಪು ಬಣ್ಣ ಮೊದಲು ಮಾಯವಾಗುತ್ತದೆ. ಎರಡಕ್ಕೂ ಮದ್ದು ಒಂದೇ: ಹತ್ತಿರ ಹೋಗುವುದು. ಹಾಗಾಗಿ ನೇತ್ರಾಣಿಗೆ ಹೊಸದಾಗಿ ಕ್ಯಾಮೆರಾ ಒಯ್ಯುವವರಿಗೆ 60 ಮಿ.ಮೀ. ಮ್ಯಾಕ್ರೊ ಮತ್ತು ಚಪ್ಪಟೆ ಪೋರ್ಟಿನ ಜೋಡಿಯೇ ವಾಸಿ. ನೀರು ಸ್ವಲ್ಪ ಕಲಕಿದ್ದರೂ ಬರಿಗೈಯಲ್ಲಿ ಮರಳಬೇಕಾಗದು. ಹವಳದ ಮೇಲೆ ಕಾಲೂರದೆ ತೇಲುವುದನ್ನು ಮಾತ್ರ ಕ್ಯಾಮೆರಾಕ್ಕೆ ಮೊದಲೇ ಕಲಿತಿರಬೇಕು.

ಪೋರ್ಟು ಕೂರುವಲ್ಲಿನ ರಬ್ಬರ್ ಬಳೆಯ ಮೇಲೆ ಒಂದು ಕೂದಲು ಉಳಿದರೂ ನೀರು ಒಳಗೆ ದಾರಿ ಹುಡುಕುತ್ತದೆ. ಬಲ್ಲವರು ಕ್ಯಾಮೆರಾ ಇಡದೆ ಬರೀ ಪೆಟ್ಟಿಗೆಯನ್ನು ಮೊದಲು ಮುಳುಗಿಸಿ ನೋಡುತ್ತಾರೆ. ಮರಳಿದ ಮೇಲೆ, ಸ್ನಾನಕ್ಕೂ ಮುಂಚೆ, ಪೆಟ್ಟಿಗೆಯನ್ನು ಉಪ್ಪು ಬಿಡುವವರೆಗೆ ಸಿಹಿನೀರಿನ ಬಕೆಟ್ಟಿನಲ್ಲಿ ನೆನೆಯಲು ಬಿಡುತ್ತಾರೆ.