ಸೂಡಿ ಯಾವ ಅಧ್ಯಾಯಕ್ಕೆ?

ನಮ್ಮ ಕಡೆ ಪಿಎಚ್.ಡಿ. ಪ್ರಬಂಧ ಶುರುವಾಗುವುದು ವಿಶ್ವವಿದ್ಯಾಲಯದಲ್ಲಿ, ಮುಗಿಯುವುದು ಡಿಟಿಪಿ ಅಂಗಡಿಯಲ್ಲಿ. ರೋಣ, ನರಗುಂದ ಭಾಗದ ಗುಡಿಗಳ ಮೇಲಿನ ನನ್ನ ಪ್ರಬಂಧವನ್ನು ಗಜೇಂದ್ರಗಡದ ಅಂಗಡಿಯ ಹುಡುಗ ನುಡಿಯಲ್ಲಿ ಟೈಪ್ ಮಾಡಿಕೊಟ್ಟಿದ್ದ. "ಅಕ್ಕಾರ, ಒಂದು ಪ್ಯಾರಾ ಸೇರಿಸಿದ್ರೂ ಪರಿವಿಡಿ ಮತ್ತ ಮೊದಲಿಂದ ಮಾಡಬೇಕ್ರಿ" ಎನ್ನುತ್ತಿದ್ದ. ಪುಟಸಂಖ್ಯೆಯನ್ನು ಕೈಯಾರೆ ಹಾಕುವ ಪರಿವಿಡಿ ಅದು. ಹಳೆಯ ಆಸ್ಕಿ ಫಾಂಟಿನ ಅಕ್ಷರ ನಮ್ಮ ಕಣ್ಣಿಗಷ್ಟೇ ಕನ್ನಡ. ಕಂಪ್ಯೂಟರಿಗೆ ಇಂಗ್ಲಿಷ್ ಚಿಹ್ನೆಗಳ ರಾಶಿ. ‘ರೋಣ’ ಎಂದು ಹುಡುಕಿದರೆ ರೋಣ ಸಿಗುವುದಿಲ್ಲ.

ಎಲ್ಲವನ್ನೂ ಯೂನಿಕೋಡ್‌ಗೆ ಪರಿವರ್ತಿಸಿಕೊಂಡು ಝೀಲೇಟೆಕ್‌ಗೆ ಬಂದೆ. ಇಲ್ಲಿ ಶೀರ್ಷಿಕೆಯ ಗಾತ್ರ, ದಪ್ಪ ಹೇಳಬೇಕಿಲ್ಲ. ಇದು ಅಧ್ಯಾಯ, ಇದು ಅದರೊಳಗಿನ ವಿಭಾಗ ಎಂದರೆ ಸಾಕು. ಮೊದಲ ಸಲ ಓಡಿಸಿದಾಗ ತಂತ್ರಾಂಶ ಶೀರ್ಷಿಕೆ, ಪುಟಸಂಖ್ಯೆಗಳನ್ನು ಬೇರೊಂದು ಕಡತದಲ್ಲಿ ಬರೆದಿಡುತ್ತದೆ. ಎರಡನೇ ಸಲ ಅದನ್ನು ಓದಿ ಪರಿವಿಡಿ ಕಟ್ಟುತ್ತದೆ. ಪರಿವಿಡಿ ಖಾಲಿ ಬಂತೆಂದು ಗಾಬರಿಯಾಗಬೇಡಿ, ಇನ್ನೊಮ್ಮೆ ಓಡಿಸಿ.

ಆದರೆ ಯಾವುದು ಅಧ್ಯಾಯವಾಗಬೇಕು ಎಂದು ಅದು ಹೇಳಿಕೊಡುವುದಿಲ್ಲ. ತಾಲೂಕಿಗೊಂದು ಅಧ್ಯಾಯ ಎಂಬುದು ನಮ್ಮಲ್ಲಿಯ ರೂಢಿ. ಅಷ್ಟರಲ್ಲಿ ಗಜೇಂದ್ರಗಡ ರೋಣದಿಂದ ಬೇರೆ ತಾಲೂಕಾಯಿತು. ಸೂಡಿಯ ಜೋಡುಕಳಸದ ಗುಡಿ, ನಾಗಕುಂಡ ಅದರ ಪಾಲಿಗೆ ಹೋದವು. "ಈಗಿನ ತಾಲೂಕು ಹಿಡೀರಿ" ಎಂದರು ಮಾರ್ಗದರ್ಶಕರು. ಕಲ್ಯಾಣ ಚಾಲುಕ್ಯರ ಕಾಲದ ಗುಡಿಗೆ ಕಂದಾಯ ಇಲಾಖೆಯ ಗಡಿ ಯಾಕೆ ಬೇಕು? ತಾಲೂಕುಗಳನ್ನು ಅನುಬಂಧಕ್ಕೆ ತಳ್ಳಿ, ರಾಜವಂಶಗಳ ಕಾಲದ ಮೇಲೆ ಅಧ್ಯಾಯ ಮಾಡಿದೆ. ಪುಟಗಳೆಲ್ಲ ಹಿಂದುಮುಂದಾದವು, ಎರಡು ಸಲ ಓಡಿಸಿದೆ, ಅಷ್ಟೇ.

ಹೊಸ ಪರಿವಿಡಿಯನ್ನು ಅವರು ಬೆರಳಿಟ್ಟು ಓದಿದರು. "ನರಗುಂದ ಎಲ್ಲಿ ಹೋತು?"

"ಒಳಗ ಐತ್ರಿ ಸರ್, ಮೂರನೇ ಅಧ್ಯಾಯದಾಗ."

ಅವರು ಪುಟ ತಿರುವತೊಡಗಿದರು.